ಅರ್ಧಕ್ಕೆ ಓದು ಬಿಟ್ಟವರಿಗೆ ಬಾಗಿಲು ತೆಗೆಯಿರಿ
(ಬೂದಿಕೋಟೆಯಲ್ಲಿ ಕನ್ನಡ ಗೆಳೆಯರ ಮುಂದೆ ಆಡಿದ ಮಾತುಗಳು)



ನಾನು ಮೇಷ್ಟ್ರಲ್ಲ. ಪಿಯುಸಿ ಮುಗಿಸಿ ಅಚ್ಚುಕೂಟಕ್ಕೆ ನಿಂತವನು. ಕಾಲೇಜುಗಳ ಪ್ರವೇಶದ ಕರಪತ್ರ ಸಾವಿರಗಟ್ಟಲೆ ಅಚ್ಚು ಹಾಕಿದ್ದೇನೆ. ಅವನ್ನು ಮಡಚಿ ಕಟ್ಟು ಕಟ್ಟುವ ಹುಡುಗನೂ ಪಿಯುಸಿಗೇ ಓದು ಬಿಟ್ಟವನು. ಮೊನ್ನೆ ಅವನು ಕೇಳಿದ: "ಅಣ್ಣಾ, ಕೆಲಸ ಬಿಡದೆ ಡಿಗ್ರಿ ಮಾಡೋಕಾಗಲ್ವಾ?" ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮೂರು ಹೈದರಾಲಿ ಹುಟ್ಟಿದ ಊರು. ಓದು ಬರಹ ಕಲಿಯದೆಯೂ ಆತ ರಾಜ್ಯ ಆಳಿದ. ಆ ಕಾಲ ಹೋಯಿತು. ಇಂದು ಗುಮಾಸ್ತೆ ಕೆಲಸಕ್ಕೂ ಡಿಗ್ರಿ ಕೇಳುತ್ತಾರೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಕೆ.ಜಿ.ಎಫ್., ಬಂಗಾರಪೇಟೆಯಿಂದ ಸಾವಿರಾರು ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಹಗಲು ಹೊತ್ತಿನ ಕಾಲೇಜು ಇವರ ಪಾಲಿಗೆ ಇದ್ದರೇನು, ಬಿಟ್ಟರೇನು?

ಇಂಥವರಿಗೆಂದೇ ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣ ಶುರು ಮಾಡಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಕನ್ನಡದಲ್ಲಿ ಪಾಠ, ಕನ್ನಡದಲ್ಲಿ ಪರೀಕ್ಷೆ! ಮನೆಯಲ್ಲಿ ತೆಲುಗೋ ತಮಿಳೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತ ಈ ಗಡಿನಾಡಿನ ಮಕ್ಕಳಿಗೆ ಇದಕ್ಕಿಂತ ದೊಡ್ಡ ಆಸರೆ ಯಾವುದು? ಆದರೆ 2015ರಲ್ಲಿ ಯುಜಿಸಿ, ಅದರ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು ಸಾರಿತು. ಮಾನ್ಯತೆ ಮರಳಿದ್ದು 2018ರಲ್ಲಿ. ದೆಹಲಿಗೂ ಮೈಸೂರಿಗೂ ನಡೆದ ಜಗಳದಲ್ಲಿ ಬಡವಾದದ್ದು ಯಾರು? ಕೂಲಿಯಲ್ಲಿ ಉಳಿಸಿ ಶುಲ್ಕ ಕಟ್ಟಿದವರು!

ಆಮೇಲೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. 2021ರಲ್ಲಿ ದೇಶಕ್ಕೇ ಮೊದಲು ಜಾರಿ ಮಾಡಿದ್ದು ನಮ್ಮ ರಾಜ್ಯ. ಒಂದು ವರ್ಷಕ್ಕೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ಬೇಕಾದಾಗ ಬಿಡಿ, ಬೇಕಾದಾಗ ಬನ್ನಿ ಎಂದರು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಯಾವ ಪಕ್ಷ ಸರಿ ಎಂದು ನಾನು ಹೇಳುವುದಿಲ್ಲ. ಬಡವರ ಮಕ್ಕಳಿಗೆ ಅರ್ಧಕ್ಕೆ ಬಿಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಸಿವೇ ಹೇಳಿಕೊಟ್ಟಿದೆ. ಮರಳಿ ಬರಲು ದಾರಿ ಎಲ್ಲಿ? ರಾತ್ರಿ ತರಗತಿ ಎಲ್ಲಿ? ಕನ್ನಡ ಪುಸ್ತಕ ಎಲ್ಲಿ?

ಹಳ್ಳಿಯವರಿಗೆ ಇದೆಲ್ಲ ಆಗದು ಎನ್ನುವವರು ಈ ಊರನ್ನು ನೋಡಲಿ. ಹಳ್ಳಿಯ ಜನಕ್ಕೆ ರೇಡಿಯೋ ಲೈಸೆನ್ಸ್ ಕೊಡದಿದ್ದ ಕಾಲದಲ್ಲಿ ಇಲ್ಲಿಯವರು 'ನಮ್ಮ ಧ್ವನಿ' ಕಟ್ಟಿ, ಕೇಬಲ್ ಎಳೆದು, ತಮ್ಮ ಮಾತನ್ನು ಮನೆಮನೆಗೆ ಮುಟ್ಟಿಸಿದರು. ಸಮುದಾಯ ಸಂಸ್ಥೆಗಳಿಗೆ ಸರ್ಕಾರ ಬಾನುಲಿ ಅವಕಾಶ ಕೊಟ್ಟಿದ್ದು 2006ರಲ್ಲಿ. ಜನ ಮುಂದೆ ನಡೆದರು, ಕಾನೂನು ಹಿಂದೆ ಬಂತು!

ಓದುಗ ಬಂಧುಗಳೇ, ನಮ್ಮ ಬೇಡಿಕೆ ಮೂರೇ. ದುಡಿಯುವವರು ನಡೆದು ಹೋಗುವಷ್ಟು ಹತ್ತಿರ, ಹೋಬಳಿಗೊಂದು ಭಾನುವಾರದ ಕಲಿಕಾ ಕೇಂದ್ರ. ಎಲ್ಲ ಕೋರ್ಸಿಗೂ ಕನ್ನಡ ಪಠ್ಯ. ಒಮ್ಮೆ ಪಾಸಾದ ವಿಷಯ ಎಷ್ಟು ವರ್ಷವಾದರೂ ಲೆಕ್ಕಕ್ಕೆ ಬರಬೇಕು. ನಿಮ್ಮ ಬೀದಿಯಲ್ಲಿ ಓದು ಬಿಟ್ಟವರ ಪಟ್ಟಿ ಮಾಡಿ, ಶಾಸಕರ ಕೈಗೆ ಕೊಡಿ. ಮನವಿ ಪತ್ರವನ್ನು ನಾನು ಕಾಸಿಲ್ಲದೆ ಅಚ್ಚು ಹಾಕಿ ಕೊಡುತ್ತೇನೆ. ಮೊದಲ ಸಹಿ ನನ್ನ ಅಚ್ಚುಕೂಟದ ಹುಡುಗನದು.

ಜೈ ಕರ್ನಾಟಕ!