ಒಂದು ಲೋಟ ನೀರು
ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದಿಳಿದ ಪ್ರವಾಸಿಯೊಬ್ಬನು ಉಪಾಹಾರಗೃಹದಲ್ಲಿ ಕುಳಿತು, ಹುಟ್ಟಿದಂದಿನಿಂದ ತಾನಾಡುತ್ತ ಬಂದ ನುಡಿಯಲ್ಲಿಯೇ ‘ವೋಟ’ ಎಂದು ನೀರನ್ನು ಕೇಳಲು, ಬಡಿಸುವಾಕೆಯು ಅರ್ಥವಾಗದೆ ಇನ್ನೊಮ್ಮೆ ಹೇಳಿರೆಂದು ವಿನಂತಿಸುವ ಪ್ರಸಂಗ, ಶ್ರೋತೃಗಳೇ, ಅಲ್ಲಿ ಅಪರೂಪವಲ್ಲ. ಆಕೆಯ ಕಿವಿ ನಿರೀಕ್ಷಿಸುವುದು ‘ವಾಡರ್’ ಎಂಬ ಧ್ವನಿಯನ್ನು. ಸ್ವರಗಳ ನಡುವಣ ಟಕಾರವನ್ನು ನಾಲಗೆಯ ತುದಿಯಿಂದ ಮೆಲ್ಲನೆ ತಟ್ಟಿ, ಕೊನೆಯ ರೇಫವನ್ನು ಸ್ಫುಟವಾಗಿ ನುಡಿಯುವುದು ಅಮೆರಿಕದ ಬಹುಭಾಗದ ರೂಢಿ. ಆ ರೇಫವನ್ನು ದಕ್ಷಿಣ ಇಂಗ್ಲೆಂಡು ಬಹುಮಟ್ಟಿಗೆ 18ನೆಯ ಶತಮಾನದಲ್ಲಿ ಕಳೆದುಕೊಂಡಿತೆಂಬುದನ್ನೂ, ಅದಕ್ಕೆ ಮೊದಲೇ ಕಡಲು ದಾಟಿದ್ದವರ ಸಂತತಿಯಲ್ಲಿ ಹೆಚ್ಚಿನವರು ಅದನ್ನು ಉಳಿಸಿಕೊಂಡರೆಂಬುದನ್ನೂ ನೆನೆದರೆ, ಯಾರ ಉಚ್ಚಾರಣೆ ಶುದ್ಧವೆಂಬ ಪ್ರಶ್ನೆಯೇ ನನಗೆ ಅನುಚಿತವಾಗಿ ತೋರುತ್ತದೆ. ಆದರೆ ಬಾಯಾರಿದ ಆ ಮನುಷ್ಯನು ಕೊನೆಗೆ ತನ್ನ ತಾಯ್ನುಡಿಯನ್ನೇ ಪರಕೀಯನಂತೆ ತಿರುಚಿ ನುಡಿದು ಲೋಟವನ್ನು ಪಡೆಯುವಾಗ ಅವನೊಳಗೆ ಮೂಡುವ ಏಕಾಕಿತನವಿದೆಯಲ್ಲ, ಅದು ನನ್ನ ಮನಸ್ಸನ್ನು ಕಲಕುತ್ತದೆ.