ಅನುದಾನದ ಎಣಿಕೆ



ಖಾಸಗಿ ಶಿಕ್ಷಣ ಸಂಸ್ಥೆಗಳಿಗೆ ಸರ್ಕಾರ ಹಣ ಕೊಡಬೇಕೇ ಬೇಡವೇ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. 1854ರಲ್ಲಿ ಬ್ರಿಟಿಷ್ ಸಚಿವ ಚಾರ್ಲ್ಸ್ ವುಡ್ ಶಿಫಾರಸು ಮಾಡಿದಂದಿನಿಂದ ಕೊಡುತ್ತಲೇ ಬಂದಿದೆ, ಮುಂದೆಯೂ ಕೊಡುತ್ತದೆ. ನನ್ನ ಪ್ರಶ್ನೆ ಬೇರೆ. ಬಿಲ್ಲು ಪಾಸು ಮಾಡುವ ಗುಮಾಸ್ತರು ಏನನ್ನು ಎಣಿಸಿ ಸಹಿ ಹಾಕುತ್ತಾರೆ? ಸಂಸ್ಥೆಗಳು ಬರಬರುತ್ತ ಅದನ್ನೇ ತಯಾರು ಮಾಡತೊಡಗುತ್ತವೆ.

1862ರಲ್ಲಿ ಇಂಗ್ಲೆಂಡಿನಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಫಲಿತಾಂಶ ನೋಡಿ ಹಣ ಕೊಡುವ ಪದ್ಧತಿ ತಂದರು. ಮಗುವಿನ ಹಾಜರಿಗೆ ನಾಲ್ಕು ಶಿಲಿಂಗ್. ಓದು, ಬರಹ, ಲೆಕ್ಕ ಮೂರರಲ್ಲೂ ಪಾಸಾದರೆ ಇನ್ನೂ ಎಂಟು. ಒಂದರಲ್ಲಿ ಫೇಲಾದರೆ ಎರಡು ಶಿಲಿಂಗ್ ಎಂಟು ಪೆನ್ಸ್ ಖೋತಾ. ಇನ್‌ಸ್ಪೆಕ್ಟರು ಬರುವ ದಿನ ಕಾಯಿಲೆ ಬಿದ್ದ ಮಕ್ಕಳನ್ನೂ ಶಾಲೆಗೆ ಕರೆತಂದು ಕೂರಿಸಿದ್ದುಂಟು. ಪಾಠಪುಸ್ತಕ ಇಡಿಯಾಗಿ ಬಾಯಿಪಾಠ. ಚರಿತ್ರೆ, ಭೂಗೋಳಗಳಿಗೆ ಕಾಸು ಹುಟ್ಟುತ್ತಿರಲಿಲ್ಲ, ಅವು ಮೂಲೆ ಸೇರಿದವು. ಕವಿ ಮ್ಯಾಥ್ಯೂ ಆರ್ನಾಲ್ಡ್ ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದುಕೊಂಡೇ ಇದನ್ನು ವಿರೋಧಿಸಿದರು. ಇದೇ ಪದ್ಧತಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಮಂಗಳೂರು ಆಗ ಆ ಪ್ರಾಂತ್ಯದಲ್ಲೇ ಇತ್ತು. 1882ರ ಹಂಟರ್ ಆಯೋಗ ಪ್ರಾಥಮಿಕ ಶಾಲೆಗಳಿಗೆ ಇದನ್ನೇ ಒಪ್ಪಿತು. ವೈಸರಾಯ್ ಕರ್ಜನ್ ಕಾಲದಲ್ಲಿ ಅದನ್ನು ಕೈಬಿಟ್ಟರು.

ಬಿಟ್ಟದ್ದು ಬೇರೆ ಬಾಗಿಲಿನಿಂದ ಮತ್ತೆ ಬಂದಿದೆ. 2015ರ ಜುಲೈ 15ರಂದು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಶುರುವಾಯಿತು. ಆ ವರ್ಷದ ಮಾನದಂಡಗಳ ಪ್ರಕಾರ ತರಬೇತಿ ಕೊಡುವ ಖಾಸಗಿ ಸಂಸ್ಥೆಗೆ ಮೂರು ಕಂತು: ಬ್ಯಾಚು ಶುರುವಾದಾಗ ಶೇ. 30, ಪ್ರಮಾಣಪತ್ರ ಸಿಕ್ಕಾಗ ಶೇ. 50, ಕೆಲಸ ಸಿಕ್ಕರೆ ಶೇ. 20. ಅಂದರೆ ಒಬ್ಬರಿಗೂ ಕೆಲಸ ಸಿಗದಿದ್ದರೂ ಶೇ. 80 ಜೇಬಿಗೆ ಬಂತು. ಇದಕ್ಕೆ ವ್ಯಾಪಾರಿಯನ್ನು ಬೈದು ಪ್ರಯೋಜನವಿಲ್ಲ. ದರಪಟ್ಟಿ ಬರೆದದ್ದು ಸರ್ಕಾರ.

ಮಲೆನಾಡಿನ ಒಂದು ಹೊಲಿಗೆ ತರಬೇತಿ ಕೇಂದ್ರದಲ್ಲಿ ನಾನು ಕಂಡದ್ದಿದು. ಬೆಳಿಗ್ಗೆ ಹಾಜರಿಯ ಹೆಬ್ಬೆಟ್ಟಿನ ಯಂತ್ರದ ಮುಂದೆ ಸಾಲು. ಅಡಿಕೆ ಸುಲಿದು ಸವೆದ ಬೆರಳುಗಳನ್ನು ಯಂತ್ರ ಗುರುತಿಸುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸು, ಮತ್ತೆ ಒತ್ತು, ಮತ್ತೆ ಒರೆಸು. ಅರ್ಧ ಗಂಟೆ ಹೀಗೇ ಹೋಯಿತು. ಅಷ್ಟರಲ್ಲಿ ಅವರಲ್ಲೊಬ್ಬಾಕೆ ಒಳಗೆ ಹೋಗಿ ಕಾಲರ್ ಕೂರಿಸಿ ಮುಗಿಸಿದ್ದಳು, ಒಂದು ಸುಕ್ಕಿಲ್ಲದೆ. ಮ್ಯಾನೇಜರು ಅತ್ತ ತಿರುಗಿಯೂ ನೋಡಲಿಲ್ಲ. ಅವರ ಚಿಂತೆಯೆಲ್ಲ ಆಕೆಯ ಹೆಬ್ಬೆರಳಿನದು. ಪಾಠ ಹೇಳುತ್ತಿದ್ದ ಹೆಂಗಸು ಆ ಬ್ಯಾಚಿನ ಮಟ್ಟಿಗೆ ಮಾತ್ರ ನೇಮಕವಾದವರು.

ನಮ್ಮ ಹಳೆಯ ಅನುದಾನಿತ ಪ್ರೌಢಶಾಲೆಗಳಲ್ಲಿ ಸರ್ಕಾರ ಎಣಿಸಿದ್ದು ಮೇಷ್ಟ್ರನ್ನು. ಊರವರು ಕಟ್ಟಡ ಕಟ್ಟಿಸಿದರು, ಸಂಬಳ ಖಜಾನೆಯಿಂದ ಬಂತು. ಇದರಲ್ಲಿ ಸೋಮಾರಿಗಳೂ ದಕ್ಕಿಸಿಕೊಂಡರು, ಜಾತಿ ನೋಡಿ ನೇಮಕ ಮಾಡಿಕೊಂಡ ಆಡಳಿತ ಮಂಡಳಿಗಳೂ ಇದ್ದವು, ಮುಚ್ಚಿಡುವುದೇನಿಲ್ಲ. ಆದರೂ ಗಣಿತದ ಮೇಷ್ಟ್ರು ಮೂವತ್ತು ವರ್ಷ ಒಂದೇ ಊರಲ್ಲಿ ನಿಂತರು. ಇವತ್ತು ಆ ವ್ಯವಸ್ಥೆ ಒಳಗಿಂದಲೇ ಸೊರಗುತ್ತಿದೆ. ನಿವೃತ್ತರಾದವರ ಹುದ್ದೆ ತುಂಬಲು ಅನುಮತಿಗೆ ಕಾಯಬೇಕು. ಅಲ್ಲಿಯವರೆಗೆ ‘ಅನುದಾನಿತ’ ಎಂಬ ಬೋರ್ಡಿನ ಕೆಳಗೆ ಪಾಠ ಮಾಡುವವರು ಆಡಳಿತ ಮಂಡಳಿ ಕೊಡುವ ಪುಡಿಗಾಸಿನ ಅತಿಥಿ ಶಿಕ್ಷಕರು. 1995ರ ನಂತರ ಹುಟ್ಟಿದ ಕನ್ನಡ ಶಾಲೆಗಳದಂತೂ ಅನುದಾನಕ್ಕಾಗಿ ಮುಗಿಯದ ಅರ್ಜಿ.

ಶಿಕ್ಷಣ ಹಕ್ಕು ಕಾಯಿದೆ (ಆರ್‌ಟಿಇ) ಖಾಸಗಿ ಶಾಲೆಗಳಲ್ಲಿ ಕೊಡಿಸುವ ಸೀಟುಗಳ ಬಗ್ಗೆ ಒಂದೇ ಮಾತು. ಅಲ್ಲಿ ಹಣ ಮಗುವಿನ ಹಿಂದೆ ಹೋಗುತ್ತಿತ್ತು. 2019ರಲ್ಲಿ ಕರ್ನಾಟಕ ನಿಯಮ ಬದಲಿಸಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಇಲ್ಲ ಎಂದಿತು. ನನಗಿದು ಒಪ್ಪಿಗೆ, ಒಂದು ಷರತ್ತಿನ ಮೇಲೆ: ಉಳಿದ ಹಣ ಆ ನೆರೆಯ ಶಾಲೆಯ ಖಾಲಿ ಹುದ್ದೆಗೆ ಹೋಗಬೇಕು.

ಕೌಶಲ ಯೋಜನೆಗಳನ್ನು ರೂಪಿಸುವವರಿಗೂ ನನ್ನದೊಂದು ಬೇಡಿಕೆ ಇದೆ. ಬೋಧಕರ ಸಂಬಳವನ್ನು ಕಂತುಗಳಿಂದ ಬಿಡಿಸಿ ಬೇರೆ ಬಾಬ್ತು ಮಾಡಲಿ. ಬ್ಯಾಚು ಇರಲಿ ಇಲ್ಲದಿರಲಿ, ವರ್ಷವಿಡೀ ಅವರ ಖಾತೆಗೇ ಜಮೆಯಾಗಲಿ. ಹೊಸ ಹಣ ಬೇಕಾಗಿಲ್ಲ. ಪ್ರಮಾಣಪತ್ರಕ್ಕೆ ಇಟ್ಟಿದ್ದ ಶೇ. 50ರಂಥ ಪಾಲಿನಿಂದಲೇ ತೆಗೆಯಬಹುದು.