ಕಾನೂನು ಓದುವವರಿಗೆ ನೆರವು: ಪದವಿಯ ತನಕ ಕೊಟ್ಟರೆ ಸಾಲದು



ಪ್ರತಿಭಾ ಪುರಸ್ಕಾರದ ದಿನ ವೇದಿಕೆಗೆ ಬಂದ ಮಕ್ಕಳನ್ನು ಮುಂದೆ ಏನಾಗುತ್ತೀರಿ ಎಂದು ಕೇಳುವುದು ನಮ್ಮಲ್ಲಿ ರೂಢಿ. ಡಾಕ್ಟರ್ ಎಂದರೆ ಚಪ್ಪಾಳೆ, ಇಂಜಿನಿಯರ್ ಎಂದರೂ ಚಪ್ಪಾಳೆ. ವಕೀಲ ಎಂದರೆ ಮಾತ್ರ ತಂದೆಯ ಮುಖ ಕೊಂಚ ಬಾಡುತ್ತದೆ. ಆ ತಂದೆಯನ್ನು ನಾನು ದೂರುವುದಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಾನೂನು ಶಿಕ್ಷಣ ಈ ಊರಿಗೆ ಹೊಸದಲ್ಲ. ಕರ್ನಾಟಕ ಲಾ ಸೊಸೈಟಿ ಹುಟ್ಟಿದ್ದು 1939ರಲ್ಲಿ. ಅದರ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ ಓದಿದ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಅಲ್ಲಿಯೇ ಓದಿದ ಕೆ.ಕೆ. ವೇಣುಗೋಪಾಲ್ 2017ರಿಂದ 2022ರವರೆಗೆ ದೇಶದ ಅಟಾರ್ನಿ ಜನರಲ್ ಆಗಿದ್ದರು. ಇನ್ನು ನಮ್ಮ ಸಮಾಜದ ಮಾತು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1867ರಲ್ಲಿ, ಬದ್ರುದ್ದೀನ್ ತ್ಯಾಬ್ಜಿಯವರು ವಿಲಾಯಿತಿಯಿಂದ ಬ್ಯಾರಿಸ್ಟರ್ ಆಗಿ ಮುಂಬಯಿಗೆ ಮರಳಿದರು. 1874ರಲ್ಲಿ ಅಲ್ಲಿ ಅಂಜುಮನ್-ಎ-ಇಸ್ಲಾಂ ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಶಿಕ್ಷಣ ಸಂಸ್ಥೆಗೂ ವಕೀಲಿಗೂ ನಂಟು ಹಳೆಯದು ಎಂಬುದಕ್ಕೆ ಇಷ್ಟು ಸಾಕು.

ಈಗ ಖಾನಾಪುರದ ಕಡೆ ನೋಡಿ. ಕಣಕುಂಬಿ, ಭೀಮಗಡದ ಸುತ್ತಿನ ಕಾಡಂಚಿನ ಹಳ್ಳಿಗಳಲ್ಲಿ ಜಮೀನಿನ ಪ್ರಶ್ನೆ ಎಂದರೆ ಬದುಕಿನ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಪುರಾವೆಯಾಗಿ ಕೊಡಬಹುದು ಎಂದು ನಿಯಮದಲ್ಲಿಯೇ ಇದೆ. ಬರೆದುಕೊಳ್ಳುವವರು ಯಾರು? 2025ರಲ್ಲಿ ವಕ್ಫ್ ಆಸ್ತಿಗಳ ವಿವರವನ್ನು ಉಮೀದ್ ಪೋರ್ಟಲ್‌ಗೆ ಹಾಕಬೇಕಾಗಿ ಬಂತು. ಮಸೀದಿಯ ಕಪಾಟಿನಲ್ಲಿರುವ ಹಳೆಯ ದಸ್ತಾವೇಜನ್ನು ಓದಿ, ಸರ್ವೆ ನಂಬರಿನೊಡನೆ ತಾಳೆ ನೋಡುವವರು ಪ್ರತಿ ಜಮಾತಿನಲ್ಲಿ ಎಷ್ಟು ಜನ ಇದ್ದಾರೆ, ನೀವೇ ಎಣಿಸಿ.

ಮತ್ತೊಂದು ಸಂಗತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಯಾವುದೇ ಮಹಿಳೆಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಅದಕ್ಕೆ ಆದಾಯದ ಮಿತಿಯಿಲ್ಲ. ಜೀವನಾಂಶಕ್ಕಾಗಿ ಅಲೆಯುವ ನಮ್ಮ ಎಷ್ಟೋ ಅಕ್ಕತಂಗಿಯರಿಗೆ ಇದು ಗೊತ್ತಿಲ್ಲ. ಗೊತ್ತಿದ್ದರೂ ಮನೆಯ ಕಷ್ಟವನ್ನು ಉರ್ದುವಿನಲ್ಲೋ ಮರಾಠಿಯಲ್ಲೋ ಬಿಚ್ಚಿ ಹೇಳಿಕೊಳ್ಳಲು ಒಬ್ಬ ವಕೀಲೆ ಸಿಗಬೇಕಲ್ಲ. ಮಗಳನ್ನು ಲಾ ಕಾಲೇಜಿಗೆ ಕಳಿಸಲು ಹಿಂಜರಿಯುವ ಪಾಲಕರು ಈ ಮಾತನ್ನು ಮನೆಗೆ ಹೋಗಿ ಯೋಚಿಸಬೇಕು.

ಈಗ ಆ ತಂದೆಯ ಲೆಕ್ಕಕ್ಕೆ ಬರೋಣ. ಕಾಲೇಜಿನ ಫೀ ಹೇಗೋ ಹೊಂದುತ್ತದೆ. ಸನದು ಪಡೆಯುವ ಖರ್ಚೂ ಇಳಿದಿದೆ: ನೋಂದಣಿಗೆ ಸಾಮಾನ್ಯ ವರ್ಗದವರಿಂದ 750, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯಕೂಡದೆಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಕಷ್ಟ ಇರುವುದು ಅದರ ನಂತರ. ಹಿರಿಯರ ಆಫೀಸಿನಲ್ಲಿ ಜೂನಿಯರ್ ಆಗಿ ಫೈಲು ಹೊರುವ ಮೊದಲ ಎರಡು ಮೂರು ವರ್ಷ ಕೈಗೆ ಬರುವುದು ಬಸ್ ಚಾರ್ಜು ಮಾತ್ರ, ಕೆಲವೊಮ್ಮೆ ಅದೂ ಇಲ್ಲ. ಕಿರಿಯರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಆದರೆ ಅದು ಶಿಫಾರಸು, ಕಡ್ಡಾಯವಲ್ಲ. ಮನೆಯಲ್ಲಿ ಅನುಕೂಲವಿದ್ದವರು ತಡೆದುಕೊಳ್ಳುತ್ತಾರೆ. ಇಲ್ಲದವರು ಕರಿ ಕೋಟು ಕಳಚಿ ಗೋವೆಗೋ ಪುಣೆಗೋ ನೌಕರಿಗೆ ಹೋಗುತ್ತಾರೆ. ನಾವು ಐದು ವರ್ಷ ಕೊಟ್ಟ ಹಣ ಅಲ್ಲಿಗೆ ನಿಂತಿತು. ಕಾನೂನು ಪದವೀಧರರಿಗೆ ತರಬೇತಿಯ ಅವಧಿಯಲ್ಲಿ ಶಿಷ್ಯವೇತನ ಕೊಡುವ ಯೋಜನೆ ಅಲ್ಪಸಂಖ್ಯಾತರ ಇಲಾಖೆಯಲ್ಲಿದೆ, ಜಿಲ್ಲಾ ಕಚೇರಿಯಲ್ಲಿ ತಪ್ಪದೆ ವಿಚಾರಿಸಿ. ಅದು ಎಲ್ಲರಿಗೂ ದಕ್ಕುವುದಿಲ್ಲ. ಆದ್ದರಿಂದ ನನ್ನ ಸೂಚನೆ ಇಷ್ಟು: ನಮ್ಮ ವಿದ್ಯಾರ್ಥಿವೇತನದ ಅರ್ಧ ಭಾಗವನ್ನು ಪದವಿಯ ನಂತರದ ಎರಡು ವರ್ಷಕ್ಕೆ ಮೀಸಲಿಡೋಣ.

ಶಮ್ನಾದ್ ಬಶೀರ್ ಅವರ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಕೇರಳದವರು, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದಿದವರು. ಬಡ ಮಕ್ಕಳನ್ನು ಕ್ಲಾಟ್ ಪರೀಕ್ಷೆಗೆ ತಯಾರು ಮಾಡಿ, ಸೀಟು ಸಿಕ್ಕ ಮೇಲೆ ಓದಿಗೂ ನೆರವಾಗುವ ಇಡಿಯಾ ಎಂಬ ಸಂಸ್ಥೆಯನ್ನು 2010ರಲ್ಲಿ ಕಟ್ಟಿದರು. ಕ್ಲಾಟ್ ನಡೆಯುವುದು ಇಂಗ್ಲಿಷಿನಲ್ಲಿ. ಉರ್ದು, ಕನ್ನಡ, ಮರಾಠಿ ಶಾಲೆಯಿಂದ ಬಂದ ಹುಡುಗನಿಗೆ ಬುದ್ಧಿಯ ಕೊರತೆಯಿಲ್ಲ, ಆ ಬಾಗಿಲು ಮಾತ್ರ ಕಿರಿದು. ಬಶೀರ್ ಅವರು 2019ರ ಆಗಸ್ಟಿನಲ್ಲಿ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಬಳಿ ತೀರಿಕೊಂಡರು. ವಯಸ್ಸು ಇನ್ನೂ ಚಿಕ್ಕದು. ಸಂಸ್ಥೆ ನಡೆದಿದೆ.

ಹಣ ಪಡೆದವರು ಸೇವೆ ಮಾಡುತ್ತಾರೆಂಬ ಖಾತ್ರಿ ಏನು ಎಂದು ಖಜಾಂಚಿ ಸಾಹೇಬರು ಕೇಳಿದ್ದಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ರೂಟ್-ಟಿಲ್ಡನ್-ಕರ್ನ್ ಎಂಬ ಹಳೆಯ ವಿದ್ಯಾರ್ಥಿವೇತನವಿದೆ. ಸಾರ್ವಜನಿಕ ಸೇವೆಯ ಮನಸ್ಸುಳ್ಳ ಕಾನೂನು ವಿದ್ಯಾರ್ಥಿಗಳಿಗೆ ಪೂರ್ತಿ ಬೋಧನಾ ಶುಲ್ಕವನ್ನು ಅದು ಭರಿಸುತ್ತದೆ. ಅಲ್ಲಿ ಸೇವೆಯ ಕರಾರು ನೈತಿಕವಾದದ್ದು, ಕೋರ್ಟಿಗೆ ಎಳೆಯುವಂಥದ್ದಲ್ಲ. ನನಗೂ ಅದೇ ಸರಿ ಕಾಣುತ್ತದೆ. ಬಾಂಡು ಬರೆಸಿಕೊಂಡರೆ ನಾಳೆ ವಸೂಲಿಗೆ ನಾವೇ ವಕೀಲರನ್ನು ಹುಡುಕಬೇಕು! ವಾರಕ್ಕೊಂದು ದಿನ ಖಾನಾಪುರ ಕೋರ್ಟಿನ ಕಾನೂನು ಸೇವಾ ಸಮಿತಿಯ ಕೆಲಸಕ್ಕೆ ಹೋಗುತ್ತೇನೆ ಎಂದು ಹಿರಿಯರ ಮುಂದೆ ಮಾತು ಕೊಡಲಿ, ಸಾಕು. ಜಾತಿ ಮತ ನೋಡದೆ ಬಂದವರ ಕಾಗದ ಓದಿಕೊಡಲಿ.

ವಿದ್ಯಾರ್ಥಿಗಳೇ, ಈ ಸಲ ಅರ್ಜಿಗೆ ಅಂಕಪಟ್ಟಿಯೊಂದೇ ಲಗತ್ತಿಸಿ ತರಬೇಡಿ. ನಿಮ್ಮ ಓಣಿಯಲ್ಲಿ ವಕೀಲರು ಸಿಗದೆ ನಿಂತುಹೋದ ಒಂದು ಕೆಲಸದ ಬಗ್ಗೆ ಒಂದು ಪುಟ ಬರೆದು ತನ್ನಿ. ಉರ್ದುವಾಗಲಿ, ಕನ್ನಡವಾಗಲಿ, ಮರಾಠಿಯಾಗಲಿ, ಸಮಿತಿ ಓದುತ್ತದೆ.